ಬಣ್ಣದ ಪೆನ್ಸಿಲೂ ಡೊಂಕು ನೆಲವೂ

(ಅಂತಿಮ ಬಿ.ಎ. ವಿದ್ಯಾರ್ಥಿನಿ)

“ಕುಣಿಯಲಾರದವಳು ನೆಲ ಡೊಂಕು ಎಂದಳಂತೆ” ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಯಾರಾದರೂ ತಾವು ಹಿಡಿದ ಉಪಕರಣದ ಮೇಲೆ ದೂರು ಹೇಳಿದೊಡನೆ ಹಿರಿಯರು ಈ ಗಾದೆಯನ್ನು ಹೇಳಿ ಬಾಯಿ ಮುಚ್ಚಿಸುತ್ತಾರೆ. ಗಾದೆ ಸುಳ್ಳೆಂದು ನಾನು ವಾದಿಸುವುದಿಲ್ಲ. ತನ್ನ ಕೈಲಾಗದುದಕ್ಕೆ ನೆಪ ಹುಡುಕುವುದು ಮನುಷ್ಯ ಸ್ವಭಾವವೇ ಸರಿ. ಆದರೆ ನೆಲವು ನಿಜವಾಗಿಯೂ ಡೊಂಕಾಗಿದ್ದರೆ ಕುಣಿಯುವವಳು ಏನು ಮಾಡಬೇಕು? ಈ ಪ್ರಶ್ನೆಗೆ ಗಾದೆಯಲ್ಲಿ ಉತ್ತರವಿಲ್ಲ. ಉತ್ತರವನ್ನು ನಾವೇ ಯೋಚಿಸಿ ಕಂಡುಕೊಳ್ಳಬೇಕಾಗಿದೆ.

ವಿಷಯ ಬಹಳ ಸಣ್ಣದು. ಬಣ್ಣದ ಪೆನ್ಸಿಲಿಗೆ ಸಂಬಂಧಿಸಿದ್ದು. ಅಂಗಡಿಯಲ್ಲಿ ಎರಡು ಬಗೆಯ ಬಣ್ಣದ ಪೆನ್ಸಿಲುಗಳು ಸಿಗುತ್ತವೆ. ಒಂದು, ಶಾಲೆಯ ಮಕ್ಕಳಿಗಾಗಿ ಮಾಡಿದ ಹನ್ನೆರಡು ಬಣ್ಣಗಳ ಡಬ್ಬಿ. ಇನ್ನೊಂದು, ಚಿತ್ರಕಾರರಿಗಾಗಿ ಮಾಡಿದ್ದು. ಮೊದಲನೆಯದರ ಇಡೀ ಡಬ್ಬಿ ಕೊಳ್ಳುವ ಹಣಕ್ಕೆ ಎರಡನೆಯದರಲ್ಲಿ ಒಂದು ಪೆನ್ಸಿಲು ಬಂದರೆ ಹೆಚ್ಚು. ಚಿತ್ರಕಲಾ ಶಾಲೆಗೆ ಸೇರದೆ, ಚಿತ್ರ ಬರೆದು ಹೊಟ್ಟೆ ಹೊರೆಯುವ ಉದ್ದೇಶವೂ ಇಲ್ಲದೆ, ಕೇವಲ ಸಂತೋಷಕ್ಕಾಗಿ ಬಿಡುವಿನ ವೇಳೆಯಲ್ಲಿ ಬರೆಯುವ ನಮ್ಮಂಥವರು ಈ ಎರಡನೆಯ ಬಗೆಯನ್ನು ಕೊಳ್ಳಬೇಕೆ? ಕೊಳ್ಳುವುದು ದುಂದುವೆಚ್ಚವಲ್ಲವೆ? ಕೊಳ್ಳಬಹುದು, ಕೊಳ್ಳಬೇಕು, ಆದರೆ ಲೆಕ್ಕ ತಪ್ಪದೆ ಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ವಾಚಕರ ಮುಂದಿಡುತ್ತೇನೆ.

ಮೊದಲು ಪೆನ್ಸಿಲಿನ ಒಳಗೇನಿದೆ ಎಂದು ನೋಡೋಣ. ನಾವು ಬರೆಯುವ ಕಪ್ಪು ಪೆನ್ಸಿಲಿನ ಕಡ್ಡಿಯು ಗ್ರಾಫೈಟು ಮತ್ತು ಜೇಡಿಮಣ್ಣನ್ನು ಕಲಸಿ ಕುಲುಮೆಯಲ್ಲಿ ಸುಟ್ಟದ್ದು. 1795ರಲ್ಲಿ ಫ್ರಾನ್ಸಿನ ಕೋಂಟೆ ಎಂಬಾತನು ಈ ಕ್ರಮಕ್ಕೆ ಹಕ್ಕುಪತ್ರ ಪಡೆದನು. ಬಣ್ಣದ ಪೆನ್ಸಿಲಿನ ಕಡ್ಡಿಯನ್ನು ಹಾಗೆ ಸುಡುವಂತಿಲ್ಲ. ವರ್ಣದ್ರವ್ಯ, ಜೇಡಿಮಣ್ಣು ಇಲ್ಲವೆ ಬಳಪದ ಕಲ್ಲಿನ ಪುಡಿ, ಅಂಟು ಮತ್ತು ಮೇಣ ಅಥವಾ ಎಣ್ಣೆ, ಇವನ್ನು ಹದವಾಗಿ ಕಲಸಿ, ಶಾವಿಗೆಯಂತೆ ಒತ್ತಿ, ಒಣಗಿಸಿ, ಮರದ ಎರಡು ಸೀಳುಗಳ ನಡುವೆ ಇಟ್ಟು ಅಂಟಿಸುತ್ತಾರೆ. ಅಗ್ಗದ ಪೆನ್ಸಿಲಿನಲ್ಲಿ ಬಣ್ಣ ಕಡಮೆ, ಪುಡಿ ಹೆಚ್ಚು; ಬೆಲೆಯುಳ್ಳದ್ದರಲ್ಲಿ ಬಣ್ಣವೇ ಹೆಚ್ಚು. ಭೇದವಿರುವುದು ಇಲ್ಲಿ, ಡಬ್ಬಿಯ ಮೇಲಿನ ಚಿನ್ನದ ಅಕ್ಷರಗಳಲ್ಲಲ್ಲ. ಜರ್ಮನಿಯ ಫೇಬರ್-ಕ್ಯಾಸೆಲ್ ಕಂಪೆನಿಯು ಪಾಲಿಕ್ರೋಮೋಸ್ ಎಂಬ ಚಿತ್ರಕಾರರ ಪೆನ್ಸಿಲನ್ನು 1908ರಲ್ಲಿಯೇ ಹೊರತಂದಿತು. ಸ್ವಿಟ್ಜರ್ಲೆಂಡಿನ ಕರಾನ್ ದಾಶ್ ಕಂಪೆನಿಯ ಹೆಸರು ಪೆನ್ಸಿಲು ಎಂಬ ಅರ್ಥದ ರಷ್ಯನ್ ಮಾತಿನಿಂದ ಬಂದದ್ದು. ಅದು 1931ರಲ್ಲಿ ನೀರಿನಲ್ಲಿ ಕರಗುವ ಬಣ್ಣದ ಪೆನ್ಸಿಲನ್ನು ಮಾಡಿತು. ಅದೇ 1931ರಲ್ಲಿ ನಮ್ಮ ದೇಶದ ಕ್ಯಾಮ್ಲಿನ್ ಶಾಯಿ ತಯಾರಿಸುತ್ತ ಮುಂಬಯಿಯಲ್ಲಿ ಹುಟ್ಟಿತು. ನಟರಾಜ, ಅಪ್ಸರಾ ಪೆನ್ಸಿಲುಗಳನ್ನು ಮಾಡುವ ಹಿಂದೂಸ್ಥಾನ್ ಪೆನ್ಸಿಲ್ಸ್ ಆರಂಭವಾದದ್ದು 1958ರಲ್ಲಿ. ನಮ್ಮ ಮಕ್ಕಳ ಕೈಗೆ ಅಗ್ಗವಾಗಿ ಪೆನ್ಸಿಲು ಕೊಟ್ಟ ಈ ಕಾರ್ಖಾನೆಗಳ ಉಪಕಾರ ದೊಡ್ಡದು. ಅವುಗಳ ಮಕ್ಕಳ ಡಬ್ಬಿಯನ್ನು ನಾನು ಹಳಿಯುತ್ತಿಲ್ಲ. ಅದು ಮಕ್ಕಳಿಗೆಂದು ಮಾಡಿದ್ದು. ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ.

ಇನ್ನು ನನ್ನ ಮೊದಲನೆಯ ಕಾರಣ. ಕೆಟ್ಟ ಉಪಕರಣವು ಕಲಿಯುವವನಿಗೆ ಕೆಟ್ಟದ್ದನ್ನೇ ಕಲಿಸುತ್ತದೆ. ಇದನ್ನು ನಾನು ಪುಸ್ತಕದಿಂದ ತಿಳಿದದ್ದಲ್ಲ. ನಮ್ಮ ಮನೆಯಿರುವುದು ಬಳೇಪೇಟೆಯಲ್ಲಿ. ಹೆಸರು ಬಳೆಯದಾದರೂ ನಮ್ಮ ಬೀದಿಯಲ್ಲಿ ವೀಣೆ, ತಬಲ, ಮೃದಂಗ, ಹಾರ್ಮೋನಿಯಂಗಳ ಅಂಗಡಿಗಳೂ ಸಾಲಾಗಿವೆ. ನನ್ನ ತಂದೆಯವರು ಏಳನೆಯ ತರಗತಿಗೆ ಓದು ನಿಲ್ಲಿಸಿ ಅಂಥ ಒಂದು ಅಂಗಡಿಯಲ್ಲಿ ಹಾರ್ಮೋನಿಯಂ ರಿಪೇರಿಗೆ ಸೇರಿದವರು. ಇಂದಿಗೂ ಅದೇ ಕೆಲಸ. ಹಿತ್ತಾಳೆಯ ರೀಡಿನ ತುದಿಯನ್ನು ಅರದಿಂದ ಕೊಂಚ ತೇದರೆ ಸ್ವರ ಏರುತ್ತದೆ, ಬುಡದಲ್ಲಿ ತೇದರೆ ಇಳಿಯುತ್ತದೆ. ಒಳ್ಳೆಯ ರೀಡು ಒಮ್ಮೆ ಕೂರಿಸಿದ ಸ್ವರವನ್ನು ಬಹುಕಾಲ ಹಿಡಿದಿರುತ್ತದೆ. ಕಳಪೆ ರೀಡು ನಾಲ್ಕು ದಿನಕ್ಕೆ ಜಾರುತ್ತದೆ. “ಕಲಿಯೋ ಮಗೂಗೆ ತಾನೆ, ಯಾವುದಾದರೂ ಒಂದು ಕೊಡಿ” ಎಂದು ಗಿರಾಕಿಗಳು ಕೇಳಿದಾಗ ತಂದೆಯವರು ಹೇಳುವ ಮಾತು ಒಂದೇ: “ವಿದ್ವಾಂಸರಿಗೆ ಸ್ವರ ಜಾರಿದ್ದು ಗೊತ್ತಾಗುತ್ತೆ ಸ್ವಾಮಿ, ಮಗೂಗೆ ಗೊತ್ತಾಗೋಲ್ಲ. ಅದು ಜಾರಿದ್ದನ್ನೇ ಸರಿ ಅಂತ ಕಲಿಯುತ್ತೆ.”

ಈ ಮಾತು ಬಣ್ಣದ ಪೆನ್ಸಿಲಿಗೂ ಅಕ್ಷರಶಃ ಸಲ್ಲುತ್ತದೆ. ಬಣ್ಣ ಕಡಮೆಯಿರುವ ಗಟ್ಟಿ ಕಡ್ಡಿಯಿಂದ ಕಣ್ಣಿಗೆ ಕಾಣುವಷ್ಟು ಬಣ್ಣ ಬರಬೇಕಾದರೆ ಬಲವಾಗಿ ಒತ್ತಬೇಕು. ಒತ್ತಿದರೆ ಕಾಗದದ ಮೇಲ್ಮೈಯ ಸಣ್ಣ ತರಿಗಳು ನುಣುಪಾಗಿ ಹೋಗುತ್ತವೆ. ಆ ಮೇಲೆ ಎರಡನೆಯ ಬಣ್ಣ ಅಲ್ಲಿ ನಿಲ್ಲುವುದಿಲ್ಲ, ಜಾರುತ್ತದೆ. ಪೆನ್ಸಿಲಿನ ಚಿತ್ರಕಲೆಯ ಗುಟ್ಟೆಲ್ಲ ಒಂದರ ಮೇಲೊಂದು ತೆಳುವಾದ ಪದರ ಹಾಕುವುದರಲ್ಲಿದೆ. ಬದನೆಕಾಯಿಯ ನೆರಳಿಗೆ ಕಪ್ಪು ಬಣ್ಣ ಬಳಿದರೆ ಅದು ಸುಟ್ಟ ಬದನೆಕಾಯಿಯಾಗುತ್ತದೆ. ಕಡುನೀಲಿಯ ಮೇಲೆ ಕಡುಗೆಂಪು, ಅದರ ಮೇಲೆ ಮತ್ತೆ ನೀಲಿ ಎಂದು ಐದಾರು ಪದರ ಹಾಕಿದರೆ ಗಿಡದಿಂದ ಈಗ ತಾನೆ ಕಿತ್ತಂತಿರುತ್ತದೆ. ಒಳ್ಳೆಯ ಪೆನ್ಸಿಲು ಹಗುರ ಕೈಯನ್ನು ಕಲಿಸುತ್ತದೆ, ಕಳಪೆಯದು ಒತ್ತುವ ಕೈಯನ್ನು ಕಲಿಸುತ್ತದೆ. ಒತ್ತಿ ಒತ್ತಿ ಸೋತ ಹುಡುಗನು ತನಗೆ ಚಿತ್ರವೇ ಬರದೆಂದು ತಿಳಿದು ಬಿಟ್ಟುಬಿಡುತ್ತಾನೆ. ಇಲ್ಲಿ ಡೊಂಕಿದ್ದದ್ದು ನೆಲವೇ ಹೊರತು ಕಾಲಲ್ಲ.

ಎರಡನೆಯ ಕಾರಣ ಬಾಳಿಕೆ. ಚಿಕ್ಕಪೇಟೆಯಲ್ಲಿ ಸೀರೆ ಕೊಳ್ಳುವ ಹೆಂಗಸರು ಜರಿಯನ್ನು ನೋಡುವ ಮೊದಲೇ “ಬಣ್ಣ ಗಟ್ಟೀನಾ?” ಎಂದು ಕೇಳುತ್ತಾರೆ. ಸೀರೆಗೆ ಕೇಳುವ ಪ್ರಶ್ನೆಯನ್ನು ಚಿತ್ರಕ್ಕೆ ಯಾರೂ ಕೇಳುವುದಿಲ್ಲ. ಅಗ್ಗದ ಪೆನ್ಸಿಲುಗಳ ಅನೇಕ ಬಣ್ಣಗಳು ಬೆಳಕಿಗೆ ಮಾಸಿಹೋಗುತ್ತವೆ. ಗುಲಾಬಿ ಮತ್ತು ನೇರಿಳೆ ಎಲ್ಲಕ್ಕಿಂತ ಮೊದಲು ಓಡುತ್ತವೆ. ಕೆಮ್ಮಣ್ಣಿನಂಥ ಮಣ್ಣಿನ ಬಣ್ಣಗಳು ಗಟ್ಟಿಗರು. ಚಿತ್ರಕಾರರ ಪೆನ್ಸಿಲಿನ ತಯಾರಕರು ಪ್ರತಿ ಬಣ್ಣಕ್ಕೂ ಅದು ಬೆಳಕನ್ನು ಎಷ್ಟು ತಾಳುವುದೆಂದು ನಕ್ಷತ್ರ ಅಥವಾ ಅಂಕಿಯ ಗುರುತು ಕೊಡುತ್ತಾರೆ; ಇದನ್ನು ಅಳೆಯಲು ಅಮೆರಿಕದಲ್ಲಿ ಎ.ಎಸ್.ಟಿ.ಎಂ. ಡಿ 6901 ಎಂಬ ಪ್ರತ್ಯೇಕ ಮಾನಕವೇ ಇದೆ. ದುಬಾರಿ ಡಬ್ಬಿಯ ಎಲ್ಲ ಬಣ್ಣಗಳೂ ಒಂದೇ ಸಮ ಗಟ್ಟಿಯಲ್ಲ; ಆದುದರಿಂದ ಆ ಗುರುತನ್ನು ನೋಡಿಯೇ ಕೊಳ್ಳಬೇಕು. ನಂಬಿಕೆ ಬಾರದಿದ್ದರೆ ಮನೆಯಲ್ಲಿಯೇ ಪರೀಕ್ಷಿಸಬಹುದು. ಕಾಗದದ ಪಟ್ಟಿಯ ಮೇಲೆ ಎಲ್ಲ ಬಣ್ಣಗಳನ್ನೂ ಎಳೆದು, ಅರ್ಧವನ್ನು ದಪ್ಪ ರಟ್ಟಿನಿಂದ ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ, ಮೂರು ತಿಂಗಳ ಮೇಲೆ ರಟ್ಟು ತೆಗೆದು ನೋಡಿದರೆ ಸಾಕು.

ಹವ್ಯಾಸಿಯ ಚಿತ್ರ ಉಳಿದರೇನು, ಅಳಿದರೇನು ಎಂದು ಕೆಲವರು ನಕ್ಕಾರು. ಮೈಸೂರಿನ ಅರಮನೆಯ ಆಶ್ರಯ ಪಡೆದು, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತ ನಮ್ಮ ಕೆ. ವೆಂಕಟಪ್ಪನವರು 1965ರಲ್ಲಿ ತೀರಿಕೊಂಡರು. ಅವರು ಬರೆದ ಉದಕಮಂಡಲದ ಬೆಟ್ಟಗಳೂ ಮಂಜೂ ಉಳಿದಿವೆ. ಅಂಥವರ ಚಿತ್ರ ಉಳಿಯಬೇಕಾದದ್ದು ನಾಡಿಗಾಗಿ. ನಮ್ಮಂಥವರ ಚಿತ್ರ ಉಳಿಯಬೇಕಾದದ್ದು ಮನೆಗಾಗಿ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ನನಗಿಂತ ಹಿಂದಿನವರು ಬಿಟ್ಟುಹೋದ ಕಾಗದವೆಂದರೆ ಒಂದು ಪತ್ರದ ಕೊನೆಯಲ್ಲಿ ಅಜ್ಜಿಯ ಹೆಬ್ಬೆಟ್ಟಿನ ಗುರುತು ಮಾತ್ರ. ಅಜ್ಜಿಯ ಮುಖ ಹೇಗಿತ್ತೆಂಬುದಕ್ಕೆ ನಮ್ಮಲ್ಲಿ ಒಂದು ಫೋಟೋ ಕೂಡ ಇಲ್ಲ. ಈಗ ನಾನು ತಂದೆಯವರು ರೀಡು ತೇಯುವ ಮಣೆಯನ್ನೂ ಅವರ ಕೈಗಳನ್ನೂ ಬರೆಯುತ್ತಿದ್ದೇನೆ. ಆ ಕೈಗಳ ಬಣ್ಣ ಹತ್ತು ವರ್ಷಗಳಲ್ಲಿ ಮಾಸಿಹೋಗಬಾರದೆಂಬುದು ಅತಿಯಾಸೆಯೆಂದು ನನಗೆ ತೋರುವುದಿಲ್ಲ.

ಇನ್ನು ಆಕ್ಷೇಪಣೆಗಳಿಗೆ ಬರುತ್ತೇನೆ. “ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು” ಎಂಬುದು ಮೊದಲನೆಯದು. ಇದನ್ನು ನನ್ನ ಮುಖಕ್ಕೇ ಹೇಳಿದ ಬಂಧುಗಳಿದ್ದಾರೆ. ಹಣದ ಮಾತು ಹಗುರವಲ್ಲ. ತಮ್ಮನ ಶಾಲೆಯ ಶುಲ್ಕವೂ ಮನೆಯ ಬಾಡಿಗೆಯೂ ಮೊದಲು, ಪೆನ್ಸಿಲು ಆಮೇಲೆ. ಆದರೆ ಲೆಕ್ಕವನ್ನೂ ಸರಿಯಾಗಿ ಮಾಡಬೇಕು. ನೂರಿಪ್ಪತ್ತು ಬಣ್ಣಗಳ ಮರದ ಪೆಟ್ಟಿಗೆಯನ್ನು ಯಾರೂ ಕೊಳ್ಳಬೇಕಾಗಿಲ್ಲ. ಈ ಪೆನ್ಸಿಲುಗಳನ್ನು ಕೆಲವು ಅಂಗಡಿಗಳಲ್ಲಿ ಬಿಡಿಬಿಡಿಯಾಗಿಯೂ ಮಾರುತ್ತಾರೆ. ನಾನು ಮನೆಪಾಠ ಹೇಳಿ ಬಂದ ಹಣದಲ್ಲಿ ತಿಂಗಳಿಗೊಂದರಂತೆ ಕೊಂಡೆ, ವರ್ಷಕ್ಕೆ ಹನ್ನೆರಡಾದವು. ಎರಡು ಹಳದಿ, ಎರಡು ಕೆಂಪು, ಎರಡು ನೀಲಿ, ಒಂದು ಹಸಿರು, ಮೂರು ಮಣ್ಣಿನ ಬಣ್ಣ, ಒಂದು ಬೂದು, ಒಂದು ಬಿಳಿ. ಉಳಿದ ಬಣ್ಣಗಳನ್ನು ಇವುಗಳಿಂದಲೇ ಮಾಡಿಕೊಳ್ಳಬೇಕು, ಮಾಡಿಕೊಳ್ಳಬಹುದು. ಮೊದಲು ಕೊಂಡ ಕೆಮ್ಮಣ್ಣಿನ ಬಣ್ಣದ ಪೆನ್ಸಿಲು ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿದೆ. ಮೋಟಾದ ಮೇಲೂ ಬಿದಿರಿನ ಹಿಡಿಕೆಗೆ ಸಿಕ್ಕಿಸಿ ಬರೆಯಬಹುದು. ಪೆನ್ಸಿಲುಗಳ ಮೇಲೆ ಶೇಕಡಾ 12ರಷ್ಟಿದ್ದ ಜಿ.ಎಸ್.ಟಿ.ಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಿದ್ದೂ ನಮ್ಮಂಥವರಿಗೆ ಅಷ್ಟಿಷ್ಟು ಅನುಕೂಲವೇ.

ಎರಡನೆಯ ಆಕ್ಷೇಪಣೆ ಇನ್ನೂ ಆಳವಾದದ್ದು. “ನಿನಗೇಕೆ ಇದು? ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರುವವಳು ನೀನು” ಎಂದು ಕೇಳುತ್ತಾರೆ. ಒಬ್ಬ ಅಂಗಡಿಯವರಂತೂ ನನ್ನ ಚಪ್ಪಲಿಯನ್ನೊಮ್ಮೆ ನೋಡಿ, ಗಾಜಿನ ಬೀರು ತೆರೆಯದೆ, “ಮಕ್ಕಳ ಡಬ್ಬಿ ಅಲ್ಲಿದೆ ನೋಡಮ್ಮ” ಎಂದು ಕೈ ತೋರಿಸಿದರು. ಬಡವರಿಗೆ ಅನ್ನ ಬೇಕು, ಬಟ್ಟೆ ಬೇಕು, ಓದೂ ಬೇಕು ಎಂಬಷ್ಟನ್ನು ಲೋಕ ಈಗ ಒಪ್ಪಿದೆ. ಆದರೆ ಅವರಿಗೆ ಪ್ರಯೋಜನವಿಲ್ಲದ ಸಂತೋಷವೂ ಬೇಕು, ಅದೂ ಒಳ್ಳೆಯ ದರ್ಜೆಯದು ಬೇಕು ಎಂಬುದನ್ನು ಇನ್ನೂ ಒಪ್ಪಿಲ್ಲ. ಅನುಕೂಲಸ್ಥರ ಮಗಳು ವೀಣೆ ಕಲಿತರೆ ಸಂಸ್ಕಾರ. ಕೂಲಿಯವರ ಮಗಳು ಚಿತ್ರ ಬರೆದರೆ ಕಾಲಹರಣ. ಈ ತಕ್ಕಡಿಯಲ್ಲಿ ನನಗೆ ನಂಬಿಕೆಯಿಲ್ಲ. ಕೆಲಸಕ್ಕೆ ಸೇರಿದ ಮೇಲೆ ನಮ್ಮ ಹಗಲೆಲ್ಲ ಇನ್ನೊಬ್ಬರದಾಗುತ್ತದೆ. ಸಂಜೆಯ ಒಂದು ಗಂಟೆಯಾದರೂ ನಮ್ಮದಾಗಿ ಉಳಿಯಬೇಕಾದರೆ, ಆ ಗಂಟೆಯನ್ನು ತುಂಬುವ ಕೆಲಸವನ್ನು ಈಗಲೇ ಗೌರವದಿಂದ ಕಲಿತಿರಬೇಕು.

ಹಾಗೆಂದು ಎಲ್ಲರೂ ನಾಳೆಯೇ ಅಂಗಡಿಗೆ ಓಡಬೇಕೆಂದು ನಾನು ಹೇಳುವುದಿಲ್ಲ. ಗೀಚಿ ಸಂತೋಷಪಡುವ ಚಿಕ್ಕ ಮಕ್ಕಳಿಗೆ ಇವು ಬೇಡ. ಮೆದುವಾದ ಈ ಕಡ್ಡಿ ಒಮ್ಮೆ ಕೆಳಗೆ ಬಿದ್ದರೆ ಒಳಗೇ ಮುರಿದು, ಮೆಂಡರಿಗೆ ಹಾಕಿದಾಗಲೆಲ್ಲ ತುಂಡಾಗಿ ಉದುರುತ್ತದೆ. ಡಬ್ಬಿಯನ್ನು ಮೇಜಿನ ಮೇಲೆ ಪ್ರದರ್ಶನಕ್ಕಿಡುವವರಿಗೂ ಇವು ಬೇಡ. ಮೊದಲು ಕಾಗದವನ್ನು ಬದಲಿಸಿ ನೋಡಿ. ನೋಟುಪುಸ್ತಕದ ನುಣುಪು ಹಾಳೆಯ ಬದಲು ಸ್ವಲ್ಪ ತರಿಯಿರುವ ದಪ್ಪ ಡ್ರಾಯಿಂಗ್ ಹಾಳೆ ತಂದರೆ ಹಳೆಯ ಡಬ್ಬಿಯೇ ಅರ್ಧ ಸುಧಾರಿಸುತ್ತದೆ. ಆ ಮೇಲೂ ಕೈ ಮುಂದೆ ಹೋಗಬಯಸಿ ಪೆನ್ಸಿಲು ಹಿಂದೆಳೆಯುತ್ತಿದೆ ಎನಿಸಿದರೆ, ಕೊಳ್ಳುವ ಕಾಲ ಬಂತೆಂದು ತಿಳಿಯಬಹುದು. ಮೇಣದ ಪೆನ್ಸಿಲಿನ ಚಿತ್ರದ ಮೇಲೆ ಕೆಲವು ವಾರಗಳಲ್ಲಿ ಬಿಳಿಯ ಮಸುಕು ಕಂಡರೆ ಹೆದರಬೇಕಾಗಿಲ್ಲ; ಒಳಗಿನ ಮೇಣ ಮೇಲಕ್ಕೆ ಬಂದಿರುತ್ತದೆ, ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ.

ಕೊನೆಯದಾಗಿ ನಮ್ಮ ಕಾಲೇಜಿಗೆ ಒಂದು ಬಿನ್ನಹ. ಆಟದ ವಿಭಾಗದಲ್ಲಿ ಬ್ಯಾಟು, ಚೆಂಡುಗಳಿಗೆ ಬೀರುವಿದೆ. ಹುಡುಗರು ಸಹಿ ಹಾಕಿ ತೆಗೆದುಕೊಂಡು ಹೋಗಿ ಸಂಜೆ ತಂದಿಡುತ್ತಾರೆ. ಅವರನ್ನು ‘ನೀನು ರಣಜಿ ಆಡುವವನೇ?’ ಎಂದು ಯಾರೂ ಕೇಳುವುದಿಲ್ಲ. ಅದೇ ರೀತಿಯಲ್ಲಿ ಗ್ರಂಥಾಲಯದ ಒಂದು ಮೂಲೆಯಲ್ಲಿ ಎರಡು ಡಬ್ಬಿ ಒಳ್ಳೆಯ ಬಣ್ಣದ ಪೆನ್ಸಿಲು, ಒಂದು ಕಟ್ಟು ದಪ್ಪ ಹಾಳೆ, ಎರಡು ಮೆಂಡರುಗಳನ್ನು ಇಟ್ಟರೆ, ಕೊಳ್ಳಲಾರದವರೂ ಒಳ್ಳೆಯ ಪೆನ್ಸಿಲು ಹೇಗಿರುತ್ತದೆಂದು ಕೈಯಾರೆ ತಿಳಿಯಬಹುದು. 1960ರಲ್ಲಿ ಸ್ಥಾಪನೆಯಾದ ಕರ್ನಾಟಕ ಚಿತ್ರಕಲಾ ಪರಿಷತ್ತು ನಮ್ಮ ಊರಿನಲ್ಲೇ ಇದೆ. ಪ್ರತಿ ಜನವರಿಯಲ್ಲಿ ಅದು ನಡೆಸುವ ಚಿತ್ರಸಂತೆಗೆ ಕುಮಾರಕೃಪಾ ರಸ್ತೆಯುದ್ದಕ್ಕೂ ಜನ ಕಿಕ್ಕಿರಿಯುತ್ತಾರೆ. ನೋಡುವುದಕ್ಕೆ ನೂಕುನುಗ್ಗಲಾಗಿ ಹೋಗುವ ನಾವು ಬರೆಯುವುದಕ್ಕೂ ಕುಳಿತುಕೊಳ್ಳಬಾರದೇಕೆ?

ಕುಣಿಯುವವರು ಅಭ್ಯಾಸ ಮಾಡಲಿ. ಅದು ಅವರ ಹೊಣೆ. ನೆಲವನ್ನು ಸಮ ಮಾಡಿಕೊಡುವುದು ಸುತ್ತಲಿನವರ ಹೊಣೆ. ನೆಲ ಸಮವಾದ ಮೇಲೂ ಕುಣಿತ ಬರದಿದ್ದರೆ, ಆಗ ಬೇಕಾದರೆ ಹಿರಿಯರು ಗಾದೆ ಹೇಳಲಿ. ಕೈ ಕಟ್ಟಿ ನಿಂತು ಕೇಳುತ್ತೇವೆ.