ನೆಲಮಾಳಿಗೆಯ ಬೆಟ್ಟಗಳು

ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಮಾಂಟೆರೆ ಎಂಬ ಊರಿನ ಒಂದು ಮನೆಯ ನೆಲಮಾಳಿಗೆಗೆ ಇಳಿದವರು ಒಮ್ಮೆಗೇ ಬೆಟ್ಟಗಳ ನಡುವೆ ನಿಲ್ಲುತ್ತಿದ್ದರು. ಕಾಲ ಬುಡದಿಂದ ಹೊರಟು ಛಾವಣಿಯವರೆಗೆ ಏರಿದ ಗಾರೆಯ ಬೆಟ್ಟಗಳು. ಕಣಿವೆಗಳಿಗೆ ಅಡ್ಡಲಾಗಿ ಸಣ್ಣ ಸೇತುವೆಗಳು. ಅವುಗಳ ಮೇಲೆ ಅಂಗೈಯಲ್ಲಿ ಹಿಡಿಯಬಹುದಾದ ರೈಲುಗಳು! ನಿಜವಾದ ರೈಲಿನ 87ರಲ್ಲಿ ಒಂದು ಪಾಲು ಅವುಗಳ ಅಳತೆ. ಹಳಿಗಳ ನಡುವಣ ಅಂತರ 16.5 ಮಿಲಿಮೀಟರು.

ಇದನ್ನು ಕಟ್ಟಿದವನು 1913ರಲ್ಲಿ ಹುಟ್ಟಿದ ಜಾನ್ ಅಲೆನ್ ಎಂಬ ಛಾಯಾಗ್ರಾಹಕ. 1940ರ ದಶಕದಲ್ಲಿ ಆತನು ಹಾಕಿದ ಮೊದಲ ಹಳಿಗಳು ಒಂದು ಮೇಜಿನಷ್ಟು ಜಾಗದಲ್ಲಿಯೇ ಮುಗಿಯುತ್ತಿದ್ದವು. 1950ರ ದಶಕದಲ್ಲಿ ಈ ನೆಲಮಾಳಿಗೆಯ ಕೆಲಸಕ್ಕೆ ಕೈಹಚ್ಚಿದಾಗ ಆ ಹಳೆಯದನ್ನು ಬಿಸಾಡಲು ಮನಸ್ಸು ಬಾರದೆ, ಹೊಸದರ ಒಂದು ಭಾಗವಾಗಿ ಸೇರಿಸಿಕೊಂಡನು. 'ಗೋರಿ ಅಂಡ್ ಡಿಫೀಟೆಡ್' ಎಂಬುದು ಆ ರೈಲುಮಾರ್ಗದ ಹೆಸರು. ಬರೆಯುವಾಗ ಊರುಗಳ ಹೆಸರಿನಂತೆ ಕಾಣುತ್ತಿತ್ತು. ಓದಿದರೆ ಮಾತ್ರ, ನೆತ್ತರು ಸುರಿಸಿ ಸೋತದ್ದೆಂಬ ಅರ್ಥ! ವಿನೋದಪ್ರಿಯನಾದ ಮನುಷ್ಯ.

ಆಟಿಕೆಯ ರೈಲೆಂದರೆ ಥಳಥಳ ಹೊಳೆಯಬೇಕೆಂದು ಬಹುಮಂದಿ ಭಾವಿಸಿದ್ದ ಕಾಲವದು. ಅಲೆನನ ಕಣ್ಣು ಬೇರೆ. ಎಂಜಿನ್ನಿಗೆ ಮಸಿ ಹಿಡಿಯಬೇಡವೆ? ಡಬ್ಬಿಗಳಿಗೆ ತುಕ್ಕು, ಧೂಳು ಬೇಡವೆ? ಹೊಚ್ಚಹೊಸ ಗಾಡಿಗಳನ್ನು ಆತನು ತಾಳ್ಮೆಯಿಂದ ಹಳೆಯವನ್ನಾಗಿ ಮಾಡುತ್ತಿದ್ದನು. ಕೋಣೆ ಸಾಲದೆ ಬಂದೆಡೆ ಕನ್ನಡಿಗಳನ್ನು ಮರೆಮಾಡಿ ನಿಲ್ಲಿಸಿ, ಕಣಿವೆಯು ಇನ್ನೂ ಆಚೆಗೆ ಸಾಗಿದೆಯೆಂಬ ಭ್ರಮೆಯನ್ನು ಹುಟ್ಟಿಸಿದನು. ಇಷ್ಟೆಲ್ಲ ವಾಸ್ತವದ ನಡುವೆ ಗೂಡ್ಸ್ ಡಬ್ಬಿಗಳನ್ನು ತಳ್ಳಿ ಷಂಟಿಂಗ್ ಮಾಡಲು ನಿಯುಕ್ತವಾಗಿದ್ದುದು ಎಮ್ಮಾ ಎಂಬ ಹೆಸರಿನ ಒಂದು ಡೈನೋಸಾರ್!

ಸಂಜೆ ಗೆಳೆಯರು ಕೂಡಿದರೆಂದರೆ ಆಟಕ್ಕೂ ಶಿಸ್ತು. ಬೇಗಬೇಗನೆ ಓಡುವ ಗಡಿಯಾರವೊಂದರ ಪ್ರಕಾರ ರೈಲುಗಳು ಹೊರಡಬೇಕು, ತಲುಪಬೇಕು. ದೊಡ್ಡವರೆಲ್ಲ ಬೆವರುತ್ತಿದ್ದರೆ ಆಶ್ಚರ್ಯವಿಲ್ಲ.

ಸುಮಾರು ಇಪ್ಪತ್ತು ವರ್ಷಗಳ ದುಡಿಮೆಯ ಬಳಿಕ ಕಾರ್ಯವು ಹೆಚ್ಚುಕಡಿಮೆ ಪೂರ್ಣವಾಗಿತ್ತು. 1973ರ ಜನವರಿ 6ರಂದು ಅಲೆನನು ಹೃದಯಾಘಾತದಿಂದ ತೀರಿಕೊಂಡನು. ಯಜಮಾನನಿಲ್ಲದ ಆ ಬೆಟ್ಟಗಳನ್ನು ಉಳಿಸಿಕೊಳ್ಳಲು ಗೆಳೆಯರಿಗೆ ಸಾಧ್ಯವಾಗಲಿಲ್ಲ. ಕೆಲವೇ ದಿನಗಳಲ್ಲಿ ಮನೆಗೆ ಬೆಂಕಿ ತಗುಲಿ, ಬಹುಪಾಲು ಬೂದಿಯಾಯಿತು.

ಉಳಿದುದು ಅಲೆನನ ಛಾಯಾಚಿತ್ರಗಳು. ಅವುಗಳನ್ನು ಕೂಡಿಸಿ ಲಿನ್ ವೆಸ್ಟ್‌ಕಾಟ್ ಬರೆದ ಗ್ರಂಥವು 1981ರಲ್ಲಿ ಪ್ರಕಟವಾಯಿತು. ಹೊಗೆಯ ಮಸಿ ಹಿಡಿದ ಎಂಜಿನ್ನುಗಳು ಆ ಚಿತ್ರಗಳಲ್ಲಿ ಇಂದಿಗೂ ಸೇತುವೆಗಳನ್ನು ದಾಟುತ್ತಿವೆ. ಎಮ್ಮಾಳೂ ಡಬ್ಬಿಗಳ ಬಳಿಯಲ್ಲಿ ನಿಂತಿದ್ದಾಳೆ.