ಬೈ ಅಂದರೆ ಬರೀ ‘ಇಂದ’ ಅಲ್ಲ

ಚನ್ನಪಟ್ಟಣ ತಾಲ್ಲೂಕಿನ ನಮ್ಮ ಬೈರಾಪಟ್ಟಣದ ಹೆಸರನ್ನು ಇಂಗ್ಲಿಷಿನಲ್ಲಿ ಬಿ, ವೈ ಅಂತ ಶುರು ಮಾಡಿ ಬರೆಯುವುದುಂಟು. ಆ ಎರಡು ಅಕ್ಷರ ಮಾತ್ರ ಓದಿ ನಿಲ್ಲಿಸಿದರೆ ಇಂಗ್ಲಿಷಿನ ‘ಬೈ’ ಸಿಗುತ್ತದೆ. ಬೈರನಿಗೂ ಆ ಬೈಗೂ ನಂಟಿಲ್ಲ, ಕನ್ನಡದ ಬೈಗುಳಕ್ಕೂ ಇಲ್ಲ. ಆದರೂ ಇಂಗ್ಲಿಷ್ ಮೇಷ್ಟ್ರ ಹತ್ತಿರ ನಮ್ಮ ಮಕ್ಕಳು ಬೈಸಿಕೊಳ್ಳುವುದಕ್ಕೆ ಈ ಪುಟ್ಟ ಪದ ಒಂದೇ ಸಾಕು.

ಶಾಲೆಯಲ್ಲಿ ಇದಕ್ಕೆ ಹೇಳಿಕೊಡುವುದು ಒಂದೇ ಅರ್ಥ, ‘ಇಂದ’. ‘ಆನೆಗಳಿಂದ ಬೆಳೆ ನಾಶ’ ಅನ್ನುವ ಕಡೆ ಅದು ಸರಿ. (ನಮ್ಮ ತಾಲ್ಲೂಕಿನ ಸುದ್ದಿ ಬರೆಯುವವರಿಗೆ ಈ ವಾಕ್ಯ ಪದೇಪದೇ ಬೇಕಾಗುತ್ತದೆ, ಆ ಮಾತು ಬೇರೆ.) ಮುಂದಕ್ಕೆ ಹೋದರೆ ‘ಇಂದ’ ಕೈಕೊಡುತ್ತದೆ. ‘ಬೈ ಬಸ್’ ಅಂದರೆ ಬಸ್ಸಿನಲ್ಲಿ. ಬಸ್ಸಿನಿಂದ ಅಂದರೆ ಇಳಿದು ಬಂದಂತೆ. ಇನ್ನು ‘ಪೆನ್ನಿನಿಂದ ಬರೆದೆ’ ಅನ್ನುವಲ್ಲಿ ನಮ್ಮ ‘ಇಂದ’ ಇದೆ, ಆದರೆ ಇಂಗ್ಲಿಷಿಗೆ ಬೇಕಾದ್ದು ‘ವಿತ್’. ಬರೆದವರಿಗೆ ಬೈ, ಬರೆಯಲು ಬಳಸಿದ ಸಾಮಾನಿಗೆ ವಿತ್. ಇಷ್ಟನ್ನು ಬಿಡಿಸಿ ಹೇಳುವುದಕ್ಕೆ ಐದು ನಿಮಿಷ ಸಾಕು. ಅದರ ಬದಲು ‘ಬೈಹಾರ್ಟ್ ಮಾಡಿ’ ಅನ್ನುತ್ತೇವೆ. ನೋಡಿ, ಅಲ್ಲೂ ಒಂದು ಬೈ!

ಪರೀಕ್ಷೆಯಲ್ಲಿ ಒಂದು ಮಾರ್ಕು ಹೋದರೆ ಹೋಗಲಿ ಅನ್ನಬಹುದು. ಆದರೆ ಈ ಪದ ಈಗ ನಮ್ಮೆಲ್ಲರ ಫೋನಿನೊಳಗೆ ಬಂದು ಕೂತಿದೆ. ಯುಪಿಐನಲ್ಲಿ ದುಡ್ಡು ಹೋದಾಗ ‘ಡೆಬಿಟೆಡ್ ಬೈ 500’ ಅಂತ ಬ್ಯಾಂಕಿನ ಮೆಸೇಜು ಬರುತ್ತದೆ. ಅಜ್ಜಿ ಫೋನನ್ನು ಮೊಮ್ಮಗನ ಕೈಗೆ ಕೊಟ್ಟು ಓದು ಅನ್ನುತ್ತಾಳೆ ಅಂತಿಟ್ಟುಕೊಳ್ಳಿ. ಬೈ ಅಂದರೆ ಇಂದ ಅಂತ ಉರು ಹೊಡೆದ ಹುಡುಗ ‘500ರಿಂದ ಕಟ್ ಆಗಿದೆ ಅಜ್ಜಿ’ ಅನ್ನುತ್ತಾನೆ. ‘500 ಹೋಯ್ತೋ, 500 ಉಳೀತೋ? ಯಾರು ತಗೊಂಡ್ರು?’ ಅಂತ ಅಜ್ಜಿ ಕೇಳಿದರೆ ಅವಳ ಪ್ರಶ್ನೆಯಲ್ಲಿ ತಪ್ಪೇನಿದೆ? ಇಲ್ಲಿ ಬೈ ಹೇಳುವುದು ‘ಎಷ್ಟು’ ಅನ್ನುವುದನ್ನು. ‘ಯಾರು’ ಅನ್ನುವುದನ್ನಲ್ಲ. ದುಡ್ಡು ಯಾರಿಗೆ ಹೋಯಿತು ಅನ್ನುವುದು ಅದೇ ಮೆಸೇಜಿನಲ್ಲಿ ಮುಂದೆ, ‘ಟು’ ಅನ್ನುವ ಪದದ ಪಕ್ಕ ಇರುತ್ತದೆ. ಅಲ್ಲಿ ಗೊತ್ತಿಲ್ಲದ ಹೆಸರಿದ್ದರೆ ತಡ ಮಾಡದೆ ಬ್ಯಾಂಕಿಗೆ ತಿಳಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನ್ ಮಾಡಿ. ಕನ್ನಡದಲ್ಲೇ ವ್ಯವಹಾರ ಮಾಡುವ ಗಿರಾಕಿಗೆ ‘ನಿಮ್ಮ ಖಾತೆಯಿಂದ 500 ರೂಪಾಯಿ ಹೋಗಿದೆ’ ಅಂತ ಕನ್ನಡದಲ್ಲೇ ಕಳಿಸಿದರೆ ಬ್ಯಾಂಕಿನ ಗಂಟೇನು ಹೋಗುತ್ತದೆ?

ಈ ‘ಎಷ್ಟು’ ಅನ್ನುವ ಬೈ ಹಾಲಿನ ಡೇರಿಗೂ ಬರುತ್ತದೆ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿತು. 42 ಇದ್ದ ನೀಲಿ ಪ್ಯಾಕೆಟ್ ಹಾಲು 46 ಆಯಿತು. ಇಂಗ್ಲಿಷಿನಲ್ಲಿ ‘ಬೈ 4’ ಅಂದರೂ ‘ಟು 46’ ಅಂದರೂ ಸುದ್ದಿ ಒಂದೇ. ಅದಲುಬದಲಾದರೆ ಏರಿಕೆಯೇ 46 ರೂಪಾಯಿ ಆಗಿ ವಾಟ್ಸಾಪಿನಲ್ಲಿ ಓಡಾಡುತ್ತದೆ. ಕನ್ನಡದಲ್ಲಿ ಈ ಗೊಂದಲವೇ ಇಲ್ಲ. ‘4 ರೂಪಾಯಿ ಏರಿತು’, ‘46 ರೂಪಾಯಿಗೆ ಏರಿತು’. ‘ಗೆ’ ಇದ್ದರೆ ಟು, ಇಲ್ಲದಿದ್ದರೆ ಬೈ. ಮಕ್ಕಳಿಗೆ ಇದೊಂದು ಗುರುತು ಹೇಳಿಕೊಡಿ, ಜನ್ಮದಲ್ಲಿ ಮರೆಯುವುದಿಲ್ಲ.

ನನ್ನ ವಾದ ಇಷ್ಟೇ. ಬೈ ಕಲಿಸುವುದಕ್ಕೆ ಬೇಕಾದ ಸಾಮಗ್ರಿ ನಮ್ಮೂರಿನಲ್ಲೇ ಬಿದ್ದಿದೆ, ಅದನ್ನು ಬಿಟ್ಟು ಮೇಷ್ಟ್ರು ಗೈಡಿನ ಪಟ್ಟಿ ಹಿಡಿಯುತ್ತಾರೆ. ಹೋಟೆಲಿಗೆ ಹೋಗಿ ‘ಬೈ ಟು ಕಾಫಿ’ ಅನ್ನುತ್ತೇವೆ. ಅಲ್ಲಿ ಬೈ ಭಾಗಾಕಾರ, ಒಂದು ಕಾಫಿ ಎರಡು ಲೋಟ. ಲಂಡನ್ನಿನ ಹೋಟೆಲಿನಲ್ಲಿ ಹೀಗೆ ಕೇಳಿದರೆ ಅವರಿಗೆ ಅರ್ಥವಾಗಲಿಕ್ಕಿಲ್ಲ, ಅದು ನಾವು ಕಟ್ಟಿಕೊಂಡ ಮಾತು. ಅದೇ ‘30 ಬೈ 40 ಸೈಟು’ ಅಂದಾಗ ಬೈ ಗುಣಾಕಾರವಾಗಿ 1,200 ಚದರ ಅಡಿ ಆಗುತ್ತದೆ. ಒಂದೇ ಪದ ಕಾಫಿ ಹಂಚುತ್ತದೆ, ಸೈಟು ಅಳೆಯುತ್ತದೆ. ಇದನ್ನು ಕೇಳಿ ನಗದ ಮಗು ಇರುತ್ತದೆಯೇ?

ಹಾಲಿನ ಸಂಘದ ‘ಬೈಲಾ’ದ ಕಥೆ ಇನ್ನೂ ಸೊಗಸು. ಅಲ್ಲಿರುವ ಬೈ ಈ ಬೈ ಅಲ್ಲವೇ ಅಲ್ಲ. ಇಂಗ್ಲೆಂಡಿಗೆ ಬಂದು ನೆಲೆಸಿದ ಉತ್ತರದ ಜನರ ಭಾಷೆಯಲ್ಲಿ ‘ಬೈ’ಗೆ ಹತ್ತಿರದ ಒಂದು ಪದಕ್ಕೆ ಊರು ಅಂತ ಅರ್ಥವಿತ್ತು. ಗ್ರಿಮ್ಸ್‌ಬಿ, ವಿಟ್ಬಿ ಅನ್ನುವ ಊರ ಹೆಸರುಗಳ ಬಾಲದಲ್ಲಿ ಅದು ಈಗಲೂ ಇದೆ, ನಮ್ಮಲ್ಲಿ ಹಳ್ಳಿ, ಪುರ, ಪಟ್ಟಣ ಇರುವ ಹಾಗೆ. ಬೈಲಾ ಅಂದರೆ ಮೂಲದಲ್ಲಿ ಊರಿನ ಕಟ್ಟಳೆ. ಸಂಘದ ಸಭೆಯಲ್ಲಿ ಬೈಲಾ ತೋರಿಸಿ ಬಾಯಿ ಮುಚ್ಚಿಸುವವರಿಗೆ ಇದನ್ನು ಹೇಳಿ ನೋಡಿ.

ಚುನಾವಣೆಯಂತೂ ನಮ್ಮ ಕ್ಷೇತ್ರಕ್ಕೇ ಹೇಳಿ ಮಾಡಿಸಿದ ಪಾಠ. ಎಚ್.ಡಿ. ಕುಮಾರಸ್ವಾಮಿ ಮಂಡ್ಯದಿಂದ ಲೋಕಸಭೆಗೆ ಹೋದರು. ತೆರವಾದ ಚನ್ನಪಟ್ಟಣಕ್ಕೆ 2024ರ ನವೆಂಬರ್ 13ರಂದು ಮತದಾನ ನಡೆಯಿತು. ಇಂಗ್ಲಿಷಿನಲ್ಲಿ ಅದರ ಫಲಿತಾಂಶ ಹೀಗೆ ಬರೆಯಬಹುದು: ‘ನಿಖಿಲ್ ವಾಸ್ ಡಿಫೀಟೆಡ್ ಬೈ ಯೋಗೇಶ್ವರ್ ಬೈ 25,413 ವೋಟ್ಸ್ ಇನ್ ದ ಬೈ ಎಲೆಕ್ಷನ್.’ ಮೂರು ಬೈ, ಮೂರು ಕೆಲಸ. ಮೊದಲನೆಯದು ಯಾರಿಂದ, ಎರಡನೆಯದು ಎಷ್ಟು ಅಂತರದಲ್ಲಿ, ಮೂರನೆಯದು ‘ಉಪ’. ಪಟಾಕಿ ಹೊಡೆದ ಹುಡುಗರಿಗೂ ಸೋಲಿನ ಬೇಸರದಲ್ಲಿ ಮನೆಗೆ ಹೋದ ಹುಡುಗರಿಗೂ ಈ ಮೂರರ ವ್ಯತ್ಯಾಸ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಬೈ ಪದದ ಹಳೆಯ ಅರ್ಥ ‘ಪಕ್ಕ’. ಅದು ನಮಗೆ ಚೆನ್ನಾಗಿ ಗೊತ್ತಿರುವುದು ಬೈಪಾಸ್‌ನಿಂದ. ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ರಾಮನಗರ, ಚನ್ನಪಟ್ಟಣ ಎರಡನ್ನೂ ಪಕ್ಕಕ್ಕಿಟ್ಟು ಕಾರುಗಳು ಸೊಂಯ್ ಅಂತ ಹೋಗುತ್ತವೆ. ಹಳೆ ರಸ್ತೆಯ ಗೊಂಬೆ ಅಂಗಡಿಗಳ ಮುಂದೆ ನಿಲ್ಲುತ್ತಿದ್ದ ಗಾಡಿಗಳು ಕಡಿಮೆಯಾದವು, ವ್ಯಾಪಾರ ಬಿತ್ತು ಅಂತ ವ್ಯಾಪಾರಿಗಳು ಅಂದಿನಿಂದ ಹೇಳುತ್ತಲೇ ಇದ್ದಾರೆ. ಊರಿನ ಪಕ್ಕ ಹೋಗುವುದು ಬೇರೆ, ಊರಿಗೆ ಬರುವುದು ಬೇರೆ. ಗೊಂಬೆ ಮಾರುವವರ ಮನೆಯ ಮಗುವಿಗೆ ಬೈಪಾಸ್‌ನ ಬೈ ಅರ್ಥ ಮಾಡಿಸಲು ನಿಘಂಟು ಬೇಕೇ?

ಕೊನೆಗೆ ಅರ್ಜಿ ಹಾಕುವವರಿಗೆ ಒಂದು ಮಾತು. ವಿದ್ಯಾರ್ಥಿವೇತನವೋ ಸಾಲವೋ, ‘ಬೈ 20’ ಅಂತಿದ್ದರೆ 20ರೊಳಗೆ ಅಂತ. ಸಾಮಾನ್ಯವಾಗಿ 20ನೇ ತಾರೀಖೂ ಸೇರುತ್ತದೆ. ಆದರೆ 20ರವರೆಗೆ ಕಾಯಿರಿ ಅಂತ ಅರ್ಥವಲ್ಲ. ಕೊನೆಯ ದಿನ ಸರ್ವರ್ ಹೇಗಿರುತ್ತದೆ ಅಂತ ನಿಮಗೇ ಗೊತ್ತು. 18ಕ್ಕೇ ಹೋಗಿ ಬನ್ನಿ.