ಸೈನಿಕನ ಮನೆಯ ಯಜಮಾನಿ

ಪ್ರತಿ ವರ್ಷ ಜನವರಿ 12ರಂದು ಮಹಾರಾಷ್ಟ್ರದ ಸಿಂದಖೇಡ ರಾಜಾ ಎಂಬ ಊರಿನಲ್ಲಿ ಜೀಜಾಬಾಯಿಯ ಜಯಂತಿಯು ನಡೆಯುತ್ತದೆ. ಆಕೆಯನ್ನು ವೀರಮಾತೆಯೆಂದು ಕೊಂಡಾಡದ ವಾಗ್ಮಿಗಳಿಲ್ಲ. ಈ ಬಿರುದಿಗೆ ನಮ್ಮ ಆಕ್ಷೇಪವೇನೂ ಇಲ್ಲ. ಆದರೆ ಮಗನಿಗೆ ಪುರಾಣದ ಕಥೆಗಳನ್ನು ಹೇಳಿ ಬೆಳೆಯಿಸಿದ ತಾಯಿ ಎಂಬಲ್ಲಿಗೇ ಆಕೆಯ ಸ್ಮರಣೆಯನ್ನು ಮುಗಿಸಿಬಿಡುವುದು ನ್ಯಾಯವಲ್ಲವೆಂದು ನಾವು ಭಾವಿಸುತ್ತೇವೆ. ಆಕೆಯು ದಂಡಾಳೊಬ್ಬನ ಪತ್ನಿ; ಗಂಡನು ದಂಡಿನಲ್ಲಿರಲು ಹಿಂದೆ ಉಳಿದ ಮನೆಯನ್ನೂ ಜಹಗೀರನ್ನೂ ನಡೆಯಿಸಿದ ಯಜಮಾನಿ. ನೆನೆಯಬೇಕಾದುದು ಈ ದುಡಿಮೆಯನ್ನು.

1598ರಲ್ಲಿ ಲಖುಜಿ ಜಾಧವರಾಯನ ಮಗಳಾಗಿ ಹುಟ್ಟಿದ ಆಕೆಯು ಭೋಸಲೆ ಮನೆತನದ ಶಹಾಜಿಯ ಕೈಹಿಡಿದಳು. ತವರಿನವರೂ ಸರದಾರರು, ಅತ್ತೆಯ ಮನೆಯವರೂ ಸರದಾರರು. ಒಂದು ಕಾಲದಲ್ಲಿ ತಂದೆಯು ಮೊಗಲರ ಕಡೆಗೂ ಗಂಡನು ನಿಜಾಮಶಾಹಿಯ ಕಡೆಗೂ ನಿಂತುದರಿಂದ, ಯಾವ ಪಕ್ಷವು ಗೆದ್ದರೂ ಆಕೆಯ ಪಾಲಿಗೆ ಕಣ್ಣೀರೇ ಎಂಬಂತಾಯಿತು. 1629ರಲ್ಲಿ ದೌಲತಾಬಾದಿನ ನಿಜಾಮಶಾಹಿ ದರಬಾರಿನಲ್ಲಿ ಆಕೆಯ ತಂದೆಯೂ ಸೋದರರೂ ಕೊಲೆಗೀಡಾದರು. ಮರುವರ್ಷದ ಫೆಬ್ರವರಿಯಲ್ಲಿ ಶಿವನೇರಿಯ ಕೋಟೆಯಲ್ಲಿ ಶಿವಾಜಿಯು ಜನಿಸಿದನು. ತವರಿನ ಆಸರೆ ಕಳಚಿತ್ತು. ಗಂಡನ ನೆಲೆ ಕುದುರೆಯ ಬೆನ್ನಾಗಿತ್ತು.

1636ರಲ್ಲಿ ನಿಜಾಮಶಾಹಿಯು ಅಳಿಯಲು ಶಹಾಜಿಯು ಬಿಜಾಪುರದ ಸೇವೆಯನ್ನು ಹಿಡಿದು ದಕ್ಷಿಣಕ್ಕೆ ನಡೆದನು. 1638ರಲ್ಲಿ ಕೆಂಪೇಗೌಡರ ಬೆಂಗಳೂರು ಆದಿಲಶಾಹಿಯ ವಶವಾಗಿ ಆತನಿಗೆ ಜಹಗೀರಾಯಿತು. ಹಿರಿಯ ಮಗ ಸಂಭಾಜಿಯು ತಂದೆಯ ಸಂಗಡ ಕರ್ನಾಟಕದಲ್ಲಿದ್ದನು. ಕಿರಿಯ ಪತ್ನಿ ತುಕಾಬಾಯಿಯ ಸಂಸಾರವೂ ಈ ಕಡೆಯೇ ಬೆಳೆಯಿತು. ಜೀಜಾಬಾಯಿಯ ಪಾಲಿಗೆ ಬಂದುದು ಪುಣೆ. ಅದೆಂತಹ ಪುಣೆ! 1630ರ ಸುಮಾರಿಗೆ ಆದಿಲಶಾಹಿ ಸೈನ್ಯವು ಅದನ್ನು ಸುಟ್ಟು ಹಾಳುಗೆಡವಿತ್ತು. 1630ರಿಂದ 1632ರ ವರೆಗಿನ ಘೋರ ಕ್ಷಾಮವು ದಖನ್ನಿನ ಹಳ್ಳಿಗಳನ್ನು ಬರಿದು ಮಾಡಿತ್ತು. ಓಡಿಹೋದ ರೈತರನ್ನು ಮರಳಿ ಕರೆಯುವುದು, ಬೀಳು ಭೂಮಿಯನ್ನು ಸಾಗುವಳಿಗೆ ತರುವುದು, ವತನದ ವ್ಯಾಜ್ಯಗಳನ್ನು ಬಗೆಹರಿಸುವುದು, ಇವೆಲ್ಲ ಕಾರಭಾರಿ ದಾದೋಜಿ ಕೊಂಡದೇವನ ಕೈಯಲ್ಲಿ ನಡೆದರೂ, ಜಹಗೀರಿನ ಮನೆಯಲ್ಲಿ ಹಿರಿಯಳಾಗಿ ಕುಳಿತಿದ್ದವಳು ಆಕೆಯೇ. ಶಿವಾಜಿಯು ರಾಜ್ಯಭಾರವೆಂದರೇನೆಂಬುದನ್ನು ಮೊದಲು ಕಂಡುದು ಈ ಮನೆಯಲ್ಲಿ.

ದುಃಖಗಳು ಒಂದರ ಹಿಂದೊಂದಾಗಿ ಬಂದವು. 1648ರಲ್ಲಿ ಗಂಡನು ಸೆರೆಯಾಗಿ ಮರುವರ್ಷ ಬಿಡುಗಡೆ ಹೊಂದಿದನು. ಬಳಿಕ ನಮ್ಮ ಕನಕಗಿರಿಯ ಕಾಳಗದಲ್ಲಿ ಸಂಭಾಜಿಯು ಮಡಿದನು. 1659ರಲ್ಲಿ ಸೊಸೆ ಸಯಿಬಾಯಿಯು ತೀರಿಕೊಂಡಾಗ, ಅಜ್ಜಿಯ ಮಡಿಲಿಗೆ ಬಂದ ಮೊಮ್ಮಗನಿಗೆ ಎರಡೇ ವರ್ಷ. 1664ರ ಜನವರಿಯಲ್ಲಿ ಶಹಾಜಿಯು ಬೇಟೆಯ ವೇಳೆ ಕುದುರೆಯಿಂದ ಬಿದ್ದು ಹೊದಿಗೆರೆಯಲ್ಲಿ ಅಸುನೀಗಿದನು. ಆತನ ಸಮಾಧಿಯು ಚನ್ನಗಿರಿ ತಾಲ್ಲೂಕಿನ ಆ ಊರಿನಲ್ಲಿ ಇಂದಿಗೂ ಇದೆ. ಇಷ್ಟಾದರೂ ಆಕೆಯು ಕುಸಿಯಲಿಲ್ಲ. 1666ರಲ್ಲಿ ಶಿವಾಜಿಯು ಆಗ್ರಾಕ್ಕೆ ಹೊರಟಾಗ ರಾಜ್ಯದ ಭಾರವನ್ನು ಹೊರಿಸಿದುದು ಎಪ್ಪತ್ತರ ಸಮೀಪದ ಈ ತಾಯಿಯ ಮೇಲೆ. ಮಗನು ಔರಂಗಜೇಬನ ಕಾವಲಿನಲ್ಲಿದ್ದ ತಿಂಗಳುಗಳಲ್ಲಿಯೂ ರಾಜ್ಯವು ಚದರಿಹೋಗಲಿಲ್ಲ. ಕೇವಲ ಕಥೆ ಹೇಳಬಲ್ಲ ಮುದುಕಿಗೆ ಯಾವ ರಾಜನೂ ತನ್ನ ಕೋಟೆಗಳನ್ನು ಒಪ್ಪಿಸಿಹೋಗುವುದಿಲ್ಲ. 1674ರ ಜೂನ್ 6ರಂದು ಮಗನ ಪಟ್ಟಾಭಿಷೇಕವನ್ನು ಕಂಡು, ಅದೇ ತಿಂಗಳ 17ರಂದು ರಾಯಗಡದ ಬುಡದ ಪಾಚಾಡದಲ್ಲಿ ಆಕೆಯು ಕಣ್ಣು ಮುಚ್ಚಿದಳು.

ಈ ಹಳೆಯ ಚರಿತ್ರೆಯನ್ನು ಇಂದು ಏಕೆ ಎತ್ತಿದಿರೆಂದು ವಾಚಕರು ಕೇಳಬಹುದು. ಕೊಡಗಿನ ಮನೆಮನೆಗಳಿಂದ ತಲೆಮಾರುಗಳ ಕಾಲ ಗಂಡಸರು ಸೈನ್ಯಕ್ಕೆ ಹೋಗಿರುವರು. ಮರಾಠಾ ದಳದ ತರಬೇತಿಯ ಕೇಂದ್ರವು ನಮ್ಮ ಬೆಳಗಾವಿಯಲ್ಲಿಯೇ ಇದೆ. ಗಡಿಯಲ್ಲಿ ನಿಂತವನನ್ನು ನಾವು ಹೊಗಳುತ್ತೇವೆ, ಅದು ಯುಕ್ತವೇ. ಆದರೆ ಆತನ ಹೊಲವನ್ನು ಉಳುಮೆ ಮಾಡಿಸಿ, ಸಾಲವನ್ನು ತೀರಿಸಿ, ಅತ್ತೆಮಾವಂದಿರನ್ನು ಸಾಕಿ, ಮಕ್ಕಳನ್ನು ಓದಿಸುವ ಹೆಣ್ಣುಮಗಳು ಒಂದು ಖಾತೆಯ ಕೆಲಸಕ್ಕೆಂದು ಕಚೇರಿಯ ಮೆಟ್ಟಿಲು ಹತ್ತಿದಾಗ, “ಯಜಮಾನರು ಎಲ್ಲಿ? ಅವರು ರಜೆಯಲ್ಲಿ ಬಂದಾಗ ಬನ್ನಿರಿ” ಎಂಬ ಉತ್ತರವು ಸಿಕ್ಕರೆ ಆ ಹೊಗಳಿಕೆಗೆ ಬೆಲೆಯೇನು?

ಕಾಯಿದೆಯು ಖಾತೆದಾರನ ರುಜುವನ್ನು ಕೇಳುವಾಗ ಗುಮಾಸ್ತನು ಏನು ಮಾಡಬಲ್ಲನೆಂಬುದು ಸರಿಯಾದ ಪ್ರಶ್ನೆಯೇ. ಕಾಯಿದೆಯನ್ನು ಮುರಿಯಿರೆಂದು ನಾವು ಹೇಳುತ್ತಿಲ್ಲ. ಅರ್ಜಿಯನ್ನು ತೆಗೆದುಕೊಳ್ಳುವುದು, ಬೇಕಾದ ಕಾಗದಗಳಾವುವೆಂಬುದನ್ನು ಒಂದೇ ಸಲಕ್ಕೆ ತಿಳಿಸುವುದು, ರುಜುವನ್ನು ತರಿಸುವ ಮಾರ್ಗವನ್ನು ತೋರಿಸುವುದು, ಆಕೆಯನ್ನು ಕುಳ್ಳಿರಿಸಿ ಮಾತಾಡುವುದು, ಇವುಗಳನ್ನು ಯಾವ ಕಾಯಿದೆಯೂ ನಿಷೇಧಿಸಿಲ್ಲ. ಯಜಮಾನರು ಎಲ್ಲಿ ಎಂಬ ಪ್ರಶ್ನೆಗೆ ಉತ್ತರವು ಎದುರಿಗೇ ನಿಂತಿರುತ್ತದೆ. ನಮ್ಮ ಅಧಿಕಾರಿಗಳು ಅದನ್ನು ಕಾಣುವಂತಾದರೆ ಜೀಜಾಬಾಯಿಯ ಜಯಂತಿಗೆ ಅದಕ್ಕಿಂತ ದೊಡ್ಡ ಹಾರವು ಬೇಕಾಗಿಲ್ಲ.